ಮಕ್ಕಳ ರಕ್ತದಲ್ಲಿ ಸೀಸ: ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಿಸುವುದು ಹೇಗೆ?



ನಾವು ಡೇರಿಗೆ ಹಾಕುವ ಹಾಲನ್ನು ದಿನಕ್ಕೆರಡು ಬಾರಿ ಪರೀಕ್ಷೆ ಮಾಡಲಾಗುತ್ತದೆ. ಕರುವಿಗೆ ಜಂತುಹುಳುವಿನ ಔಷಧಿ ಕುಡಿಸುವುದನ್ನು ನಾವು ಮರೆಯುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಬಂದರೆ ಕೆಲಸ ಬಿಟ್ಟು ರಾಸುಗಳನ್ನು ಹಿಡಿದುಕೊಡುತ್ತೇವೆ. ಆದರೆ ಅದೇ ಕೊಟ್ಟಿಗೆಯ ಅಂಗಳದಲ್ಲಿ ಅಂಬೆಗಾಲಿಡುವ ನಮ್ಮ ಮಗುವಿನ ರಕ್ತವನ್ನು ಎಂದಾದರೂ ಪರೀಕ್ಷೆ ಮಾಡಿಸಿದ್ದೇವೆಯೇ? ಹೆಚ್ಚಿನವರ ಉತ್ತರ "ಜ್ವರ ಬಂದಾಗ ಮಾತ್ರ" ಎಂದೇ ಇರುತ್ತದೆ.

ಜ್ವರ ಬರಿಸದೆ, ನೋವು ತೋರಿಸದೆ ಮಗುವಿನ ಮೆದುಳಿಗೆ ಹಾನಿ ಮಾಡುವ ಒಂದು ವಿಷವಿದೆ. ಅದೇ ಸೀಸ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಭಾಗದಲ್ಲಿ ಇಂದು ಕೊಟ್ಟಿಗೆಯ ಒಂದು ಪಕ್ಕದಲ್ಲಿ ಗ್ಯಾರೇಜು, ಇನ್ನೊಂದು ಪಕ್ಕದಲ್ಲಿ ಗುಜರಿ ಅಂಗಡಿ, ಎದುರಿಗೆ ಹೆದ್ದಾರಿ ಇರುವುದು ಸಾಮಾನ್ಯ. ಹಳ್ಳಿ ಇದ್ದಲ್ಲಿಯೇ ಇದೆ, ನಗರ ಬಂದು ಅದನ್ನು ಸುತ್ತಿಕೊಂಡಿದೆ.

ಸೀಸ ಎಂದರೇನು?

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಶಾಲೆಯ ಮಕ್ಕಳು ಬರೆಯುವ "ಸೀಸದ ಕಡ್ಡಿ"ಯಲ್ಲಿ ಸೀಸವಿಲ್ಲ. ಅದು ಗ್ರಾಫೈಟ್ ಎಂಬ ಇಂಗಾಲದ ಪುಡಿ. ಇಲ್ಲಿ ಹೇಳುತ್ತಿರುವ ಸೀಸ ಬೂದು ಬಣ್ಣದ, ಮೆತ್ತನೆಯ, ಬಲು ತೂಕದ ಲೋಹ. ಟ್ರ್ಯಾಕ್ಟರ್, ಲಾರಿ ಹಾಗೂ ಮನೆಯ ಯು.ಪಿ.ಎಸ್. ಬ್ಯಾಟರಿಯೊಳಗಿನ ಪ್ಲೇಟುಗಳು ಇದರಿಂದ ಆದವು. ಹಳೆಯ ಎನಾಮಲ್ ಬಣ್ಣಗಳಲ್ಲಿ ಇದು ಇದೆ.

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೇ ಒಂದು ಭಾಗವನ್ನು ಹೀರಿಕೊಂಡರೆ, ಚಿಕ್ಕ ಮಕ್ಕಳ ದೇಹ ಅರ್ಧದವರೆಗೂ ಹೀರಿಕೊಳ್ಳಬಲ್ಲದು. ಮಗು ಅರೆಹೊಟ್ಟೆಯಲ್ಲಿದ್ದರೆ ಅಥವಾ ಕಬ್ಬಿಣಾಂಶ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಕ್ತಕ್ಕೆ ಸೇರಿದ ಸೀಸ ಮೆದುಳಿಗೆ ಹೋಗುತ್ತದೆ, ಉಳಿದದ್ದು ಮೂಳೆಯಲ್ಲಿ ಕುಳಿತು ಹತ್ತಾರು ವರ್ಷ ಅಲ್ಲಿಯೇ ಇರುತ್ತದೆ. ಮುಂದೆ ಹೆಣ್ಣುಮಗಳು ಬಸುರಿಯಾದಾಗ ಆ ಸೀಸ ಮೂಳೆಯಿಂದ ಕರಗಿ ಹೊಟ್ಟೆಯಲ್ಲಿರುವ ಕೂಸಿಗೂ ತಲುಪುತ್ತದೆ.

ಇದರ ಪರಿಣಾಮವಾಗಿ ಮಗುವಿನ ಕಲಿಯುವ ಶಕ್ತಿ ಕುಗ್ಗುತ್ತದೆ, ಮಾತು ತಡವಾಗಬಹುದು, ಗಮನ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಕಾಣಿಸಬಹುದು. ಪ್ರಮಾಣ ಬಹಳ ಹೆಚ್ಚಾದರೆ ಫಿಟ್ಸ್ ಬಂದು ಪ್ರಾಣಕ್ಕೂ ಅಪಾಯ. ಆದರೆ ಬಹುಪಾಲು ಮಕ್ಕಳಲ್ಲಿ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. "ಹುಡುಗ ಮಂಕು, ಓದು ತಲೆಗೆ ಹತ್ತುವುದಿಲ್ಲ" ಎಂದು ನಾವು ಸುಮ್ಮನಾಗುತ್ತೇವೆ.

ಬೆಂಗಳೂರಿನಲ್ಲಿ ಇದು ಬೆಳಕಿಗೆ ಬಂದದ್ದು

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತದ ಸೀಸದ ಸಮೀಕ್ಷೆ ನಡೆಸಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಅಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಪರಾಮರ್ಶನ ಕೇಂದ್ರವನ್ನು ಕಟ್ಟಿದರು.

ಆಗ ಮುಖ್ಯ ಮೂಲ ಪೆಟ್ರೋಲ್. ಅದಕ್ಕೆ ಸೀಸ ಬೆರೆಸುವುದನ್ನು 2000ದಲ್ಲಿ ದೇಶದಾದ್ಯಂತ ನಿಲ್ಲಿಸಲಾಯಿತು. ಇದು ದೊಡ್ಡ ಗೆಲುವು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಆದರೂ ಅಪಾಯ ಮುಗಿದಿಲ್ಲ. ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಯುನಿಸೆಫ್ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಸೀಸ ಕೊಳೆತು ಮಣ್ಣಾಗುವ ವಸ್ತುವಲ್ಲ. ಹಿಂದೆ ರಸ್ತೆಬದಿಯ ಮಣ್ಣಿಗೆ ಸೇರಿದ್ದು ಇಂದಿಗೂ ಅಲ್ಲಿಯೇ ಇದೆ.

ಮನೆಗೆ ಬರುವ ದಾರಿಗಳು

1. ಹಳೆಯ ಬ್ಯಾಟರಿ: ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. ಹಿತ್ತಲಲ್ಲಿ ಬ್ಯಾಟರಿ ಒಡೆದು ಪ್ಲೇಟು ಬೇರ್ಪಡಿಸುವುದು, ಕರಗಿಸುವುದು ಮಗುವಿಗೂ ರಾಸಿಗೂ ಮಾರಕ. ಬ್ಯಾಟರಿ, ಗುಜರಿ, ರೇಡಿಯೇಟರ್ ಕೆಲಸಕ್ಕೆ ಹೋಗುವವರ ಬಟ್ಟೆ, ಚಪ್ಪಲಿ, ತಲೆಗೂದಲಿನಲ್ಲಿಯೂ ಪುಡಿ ಮನೆಗೆ ಬರುತ್ತದೆ.

2. ಹಳೆಯ ಬಣ್ಣ: ಹಬ್ಬಕ್ಕೋ ಮದುವೆಗೋ ಬಾಗಿಲು, ಕಿಟಕಿ, ಗೇಟಿನ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಧೂಳು ಮನೆಯೆಲ್ಲಾ ಹರಡುತ್ತದೆ. ಬಣ್ಣ ಬಳಿದ ಅಗ್ಗದ ಆಟಿಕೆಗಳನ್ನು ಮಕ್ಕಳು ಬಾಯಿಗಿಡುತ್ತಾರೆ.

3. ಪಾತ್ರೆ: ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರದಲ್ಲಿ ಸೀಸ ಬೆರೆತಿದ್ದರೆ, ಅದರಲ್ಲಿಟ್ಟ ಹುಳಿ, ಮೊಸರು, ಮಜ್ಜಿಗೆಗೆ ಸೀಸ ಬಿಡುತ್ತದೆ. ಹುಳಿ ಹೆಚ್ಚಿದಷ್ಟೂ ಬಿಡುವುದು ಹೆಚ್ಚು.

4. ಅರಿಶಿನ, ಕಾಡಿಗೆ, ಸಿಂಧೂರ: ಬಣ್ಣ ಹೊಳೆಯಲೆಂದು ಅರಿಶಿನಕ್ಕೆ ಸೀಸದ ಹಳದಿ ಪುಡಿ ಕಲಬೆರಕೆ ಮಾಡುವುದುಂಟು. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿಕೊಳ್ಳುವುದು ಮೇಲು. ಆದರೆ ಕೊಂಬಿನ ಮೇಲೆಯೇ ಬಣ್ಣ ಹಚ್ಚಿರುವುದೂ ಇರುವುದರಿಂದ, ಕೈಗೆ ಬಣ್ಣ ಅಂಟುವಷ್ಟು ಹಳದಿಯಾಗಿ ಹೊಳೆಯುವ ಕೊಂಬನ್ನು ಕೊಳ್ಳಬೇಡಿ. ಕೂಸಿನ ಕಣ್ಣಿಗೆ ಪೇಟೆಯ ಕಾಡಿಗೆ ಬೇಡ.

5. ಗಣೇಶನ ಮೂರ್ತಿ: ಬಣ್ಣವಿಲ್ಲದ ಜೇಡಿಮಣ್ಣಿನ ಮೂರ್ತಿಯನ್ನೇ ತನ್ನಿ. ಬಣ್ಣದ ಮೂರ್ತಿ ಕರಗಿದ ಕೆರೆಯ ನೀರನ್ನೇ ರಾಸುಗಳು ಕುಡಿಯುತ್ತವೆ.

ರಾಸು ಕೊಡುವ ಎಚ್ಚರಿಕೆ

ಸೀಸಕ್ಕೆ ಬೇಗ ಸಿಗುವ ಪ್ರಾಣಿಗಳಲ್ಲಿ ದನ ಒಂದು, ಅದರಲ್ಲೂ ಕರು. ಅದಕ್ಕೆ ನೆಕ್ಕುವ ಸ್ವಭಾವ ಹೆಚ್ಚು. ಒಡೆದ ಬ್ಯಾಟರಿಯ ಪ್ಲೇಟು, ಗ್ರೀಸ್, ಬಣ್ಣದ ಡಬ್ಬಿ ಸಿಕ್ಕರೆ ನೆಕ್ಕಿ ನುಂಗುತ್ತದೆ. ನಂತರ ಇದ್ದಕ್ಕಿದ್ದಂತೆ ಕಣ್ಣು ಕಾಣದಾಗುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಜೊಲ್ಲು, ಕಿವಿ ಮತ್ತು ರೆಪ್ಪೆಯ ಅದುರು, ಫಿಟ್ಸ್ ಕಾಣಿಸುತ್ತವೆ. ಹೀಗಾದಾಗ ಹುಚ್ಚುನಾಯಿ ರೋಗದ ಶಂಕೆಯೂ ಇರುವುದರಿಂದ ಬರಿಗೈಯಲ್ಲಿ ಬಾಯಿಗೆ ಕೈ ಹಾಕಬೇಡಿ. ತಕ್ಷಣ ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಹೆಬ್ಬಾಳದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವುದು ಈ ಭಾಗದ ಸದಸ್ಯರ ಅದೃಷ್ಟ.

ವೈದ್ಯರು ಸೀಸದ ಶಂಕೆ ಹೇಳಿದರೆ ಎರಡು ಕೆಲಸ ಮಾಡಬೇಕು. ಮೊದಲನೆಯದು, ಅವರು ಸರಿ ಎನ್ನುವವರೆಗೂ ಆ ರಾಸಿನ ಮತ್ತು ಅದರ ಜೊತೆ ಮೇಯ್ದ ರಾಸುಗಳ ಹಾಲನ್ನು ಡೇರಿಗೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಸೀಸ ಕರಗಿಸುವ ಕಾರ್ಖಾನೆಗಳ ಸುತ್ತ ಮೇಯುವ ಹಸುಗಳ ಹಾಲಿಗೆ ಸೀಸ ಇಳಿಯುವುದನ್ನು ನಮ್ಮ ದೇಶದ ಪಶುವಿಜ್ಞಾನಿಗಳೇ ಅಳೆದು ತೋರಿಸಿದ್ದಾರೆ. ಕಾಯಿಸಿದರೆ ಅದು ಹೋಗುವುದಿಲ್ಲ, ಲ್ಯಾಕ್ಟೋಮೀಟರಿಗೆ ಸಿಕ್ಕುವುದಿಲ್ಲ. ಹಾಲಿನ ಹಣ ಹೋದರೂ ಚಿಂತೆಯಿಲ್ಲ, ಆ ಹಾಲು ಕುಡಿಯುವುದು ಯಾರದೋ ಮನೆಯ ಮಗು. ಎರಡನೆಯದು, ರಾಸಿಗೆ ಸೀಸ ಸಿಕ್ಕ ಅಂಗಳದಲ್ಲಿಯೇ ನಮ್ಮ ಮಕ್ಕಳೂ ಆಡುತ್ತವೆ. ಆದ್ದರಿಂದ ಅದೇ ವಾರ ಮಕ್ಕಳ ರಕ್ತ ಪರೀಕ್ಷೆ ಮಾಡಿಸಬೇಕು.

ಮಣ್ಣು, ಗೋಡೆ ನೆಕ್ಕುವ ರಾಸಿಗೆ ಖನಿಜ ಮಿಶ್ರಣ ಕೊಡುತ್ತೇವಲ್ಲವೇ? ಮಣ್ಣು ತಿನ್ನುವ ಮಗುವಿನ ವಿಷಯವೂ ಹಾಗೆಯೇ. ಅನೇಕ ವೇಳೆ ಅದಕ್ಕೆ ಕಬ್ಬಿಣಾಂಶದ ಕೊರತೆ ಇರುತ್ತದೆ. ಹೊಡೆದರೆ ಆ ಚಾಳಿ ಬಿಡುವುದಿಲ್ಲ.

ಯಾವ ಮಗುವಿಗೆ ಪರೀಕ್ಷೆ ಬೇಕು?

ಹಣವಿದ್ದವರೆಲ್ಲ ಎಲ್ಲ ಮಕ್ಕಳಿಗೂ ಮಾಡಿಸಲಿ ಎಂದು ಹೇಳುತ್ತಿಲ್ಲ. ಆರು ವರ್ಷದೊಳಗಿನ ಮಕ್ಕಳು, ಅದರಲ್ಲೂ ಒಂದರಿಂದ ಮೂರು ವರ್ಷದವರು ಈ ಕೆಳಗಿನ ಒಂದಕ್ಕೆ ಸೇರಿದ್ದರೆ ಪರೀಕ್ಷೆ ಮಾಡಿಸಿ:

– ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ಬ್ಯಾಟರಿ, ಗುಜರಿ, ಬಣ್ಣ, ಲೋಹ ಕರಗಿಸುವ ಕೆಲಸ ನಡೆಯುತ್ತಿದ್ದರೆ
– ಮಗು ಮಣ್ಣು, ಗೋಡೆಯ ಚಕ್ಕೆ, ಬಣ್ಣದ ಪದರ ತಿನ್ನುತ್ತಿದ್ದರೆ
– ಕಬ್ಬಿಣಾಂಶದ ಔಷಧಿ ಕೊಟ್ಟರೂ ರಕ್ತಹೀನತೆ ಹೋಗದಿದ್ದರೆ
– ಮಾತು, ನಡೆ, ಕಲಿಕೆ ವಯಸ್ಸಿಗೆ ತಕ್ಕಂತಿಲ್ಲದಿದ್ದರೆ ಅಥವಾ ಕಾರಣವಿಲ್ಲದೆ ಫಿಟ್ಸ್ ಬಂದರೆ
– ಮನೆಯ ರಾಸಿಗೆ ಸೀಸದ ವಿಷ ಆಗಿದ್ದರೆ

ಬ್ಯಾಟರಿ ಕೆಲಸದ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಅವರಿಗೂ ವೈದ್ಯರ ಸಲಹೆ ಬೇಕು.

ಎಲ್ಲಿ, ಹೇಗೆ ಮಾಡಿಸುವುದು?

ಹಿಮೋಗ್ಲೋಬಿನ್ ಪರೀಕ್ಷೆಯಂತೆ ಸೀಸದ ಪರೀಕ್ಷೆ ಪ್ರತಿ ಆರೋಗ್ಯ ಕೇಂದ್ರದಲ್ಲೂ ಆಗುವುದಿಲ್ಲ. ಆದ್ದರಿಂದ ಉಚಿತವಾಗಿ ಸಿಗುವುದನ್ನು ಮೊದಲು ಮುಗಿಸಿಕೊಂಡು, ಹಣ ಕೊಡಬೇಕಾದ ಒಂದೇ ಒಂದು ಪರೀಕ್ಷೆಗೆ ಮಾತ್ರ ಹಣ ಕೊಡುವುದು ಜಾಣತನ.

ಮೊದಲ ಹೆಜ್ಜೆ: ಅಂಗನವಾಡಿ ಮತ್ತು ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳ ರಕ್ತಹೀನತೆ, ಬೆಳವಣಿಗೆಯ ಕುಂಠಿತವನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ತಂಡ ಯಾವಾಗ ಬರುತ್ತದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಬ್ಯಾಟರಿ ಅಥವಾ ಬಣ್ಣದ ಕೆಲಸವಿದೆ ಎಂಬುದನ್ನು ನೀವಾಗಿಯೇ ಹೇಳಿ. ಹೇಳದಿದ್ದರೆ ವೈದ್ಯರಿಗೆ ಸೀಸದ ಯೋಚನೆ ಬರುವುದು ಕಷ್ಟ.

ಎರಡನೇ ಹೆಜ್ಜೆ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ನಗರದ ವಾರ್ಡುಗಳಲ್ಲಿ 2023ರಲ್ಲಿ ಆರಂಭವಾದ "ನಮ್ಮ ಕ್ಲಿನಿಕ್"ಗೆ ಹೋಗಿ. ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ನೋಡಿಸಿ, "ರಕ್ತದಲ್ಲಿ ಸೀಸದ ಪರೀಕ್ಷೆ" ಎಂದು ಚೀಟಿ ಬರೆಸಿಕೊಳ್ಳಿ. ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂದರೆ ಯಲಹಂಕದ ಸಾರ್ವಜನಿಕ ಆಸ್ಪತ್ರೆ, ಯಶವಂತಪುರದವರಿಗೆ ಹತ್ತಿರವಿರುವ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಮಕ್ಕಳಿಗೆಂದೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಅಲ್ಲಿ ಈ ಪರೀಕ್ಷೆ ಆಗುತ್ತದೆಯೇ, ಹೊರಗೆ ಕಳುಹಿಸುತ್ತಾರೆಯೇ, ಬಿ.ಪಿ.ಎಲ್. ಕಾರ್ಡಿಗೆ ರಿಯಾಯಿತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಹೆಬ್ಬಾಳ, ಆರ್.ಟಿ. ನಗರದವರಿಗೆ ಬಳ್ಳಾರಿ ರಸ್ತೆಯ ಬ್ಯಾಪ್ಟಿಸ್ಟ್ ಆಸ್ಪತ್ರೆ ಹತ್ತಿರ. ದೊಡ್ಡ ಆಸ್ಪತ್ರೆಗಳಲ್ಲಿ ಬಡರೋಗಿಗಳ ನೆರವಿಗೆ ಸಮಾಜ ಕಾರ್ಯಕರ್ತರ ವಿಭಾಗವಿರುತ್ತದೆ. ಬಿಲ್ಲು ಕಟ್ಟುವ ಮೊದಲು ಅವರನ್ನು ಕಾಣಿ.

ಮೂರನೇ ಹೆಜ್ಜೆ: ಖಾಸಗಿ ಪ್ರಯೋಗಾಲಯಕ್ಕೆ ಹೋಗಬೇಕಾದರೆ ಎರಡು ಮೂರು ಕಡೆ ದರ ಕೇಳಿ. "ಎಲ್ಲ ಲೋಹಗಳ ಪರೀಕ್ಷೆ" ಎಂಬ ದುಬಾರಿ ಪ್ಯಾಕೇಜ್ ಬೇಡ, "ಸೀಸ ಒಂದೇ ಸಾಕು" ಎಂದು ಹೇಳಿ. ಮನೆಗೆ ಬಂದು ರಕ್ತ ತೆಗೆದರೆ ಬೇರೆ ಶುಲ್ಕ ಇರುತ್ತದೆಯೇ ಎಂಬುದನ್ನೂ ಕೇಳಿ. ಸಹಕಾರಿ ಸದಸ್ಯರ ಯಶಸ್ವಿನಿ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಾಗಿ ಇರುವುದರಿಂದ, ಈ ಪರೀಕ್ಷೆಗೆ ಅನ್ವಯಿಸುತ್ತದೆಂದು ನಂಬಿ ಹೋಗಬೇಡಿ.

ರಕ್ತ ಕೊಡುವಾಗ: ಮಗುವಿನ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಬೆರಳಿನ ಮೇಲಿನ ಧೂಳು ಹನಿಗೆ ಸೇರಿದರೂ ಲೆಕ್ಕ ತಪ್ಪುತ್ತದೆ. ಬೆರಳು ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಹೆಚ್ಚು ಬಂದರೆ ನರದಿಂದ ರಕ್ತ ತೆಗೆಸಿ ಖಚಿತಪಡಿಸಿಕೊಳ್ಳಬೇಕು. ಸೀಸ ಇರುವುದು ಕೆಂಪು ರಕ್ತಕಣಗಳಲ್ಲಿ. ಆದ್ದರಿಂದ ಇಡೀ ರಕ್ತವನ್ನೇ ಪರೀಕ್ಷಿಸಬೇಕು, ಸೀರಂ ಸಾಲದು. ಕೂದಲಿನ ಪರೀಕ್ಷೆಗೆ ಹಣ ಸುರಿಯಬೇಡಿ, ಅದು ನಂಬಿಕೆಗೆ ಅರ್ಹವಲ್ಲ.

ಚೀಟಿ ಓದುವುದು ಹೇಗೆ?

ಡೇರಿಯಲ್ಲಿ ಫ್ಯಾಟ್ 3.5 ಎಂದರೆ ನೂರು ಗ್ರಾಂ ಹಾಲಿನಲ್ಲಿ ಮೂರೂವರೆ ಗ್ರಾಂ ಜಿಡ್ಡು ಎಂದು ನಮಗೆ ಗೊತ್ತು. ಸೀಸವನ್ನು ಒಂದು ಡೆಸಿಲೀಟರ್, ಅಂದರೆ ನೂರು ಮಿ.ಲೀ. ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಅಷ್ಟು ಕಡಿಮೆ ಇದ್ದರೂ ಕೆಡುಕೇ.

ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ 10 ಎಂದಿದ್ದ ಎಚ್ಚರಿಕೆಯ ಮಟ್ಟವನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿರುವಂತೆ:

– 5 ಅಥವಾ ಹೆಚ್ಚು: ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ತಡೆಯಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಕೊರತೆಯಿದ್ದರೆ ತುಂಬಿಸಬೇಕು.
– 45 ಅಥವಾ ಹೆಚ್ಚು: ಹತ್ತು ವರ್ಷದವರೆಗಿನ ಮಕ್ಕಳಿಗೆ ಸೀಸ ಹೊರಹಾಕುವ ಔಷಧಿ ಬೇಕು. ಇದನ್ನು ದೊಡ್ಡ ಆಸ್ಪತ್ರೆಯಲ್ಲಿ ಅನುಭವಿ ವೈದ್ಯರೇ ಕೊಡಬೇಕು.

ಔಷಧಿ ರಕ್ತದ ಸೀಸವನ್ನು ಇಳಿಸುತ್ತದೆಯೇ ಹೊರತು ಮೆದುಳಿಗೆ ಆಗಿಹೋದ ನಷ್ಟವನ್ನು ತುಂಬಿಕೊಡುವುದಿಲ್ಲ. ಚಿಕಿತ್ಸೆ ಮುಗಿಸಿದ ಮಗುವನ್ನು ಅದೇ ಸೀಸದ ಧೂಳಿಗೆ ಬಿಟ್ಟರೆ ಮತ್ತೆ ಏರುತ್ತದೆ. ಮೂಲ ತೆಗೆದ ಮೇಲೆ ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಂಕಿ ಇಳಿದಿದ್ದರೆ ಮಾತ್ರ ನೀವು ಹಿಡಿದ ದಾರಿ ಸರಿ.

ಹಾಲು ಕುಡಿದರೆ ಸೀಸ ಹೋಗುತ್ತದೆಯೇ?

ಸದಸ್ಯರಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಹಾಲು ಬೆಲ್ಲ ಕೊಟ್ಟರೆ ಕಾರ್ಖಾನೆಯ ವಿಷ ತೊಳೆದುಹೋಗುತ್ತದೆ ಎಂಬ ನಂಬಿಕೆ ಹಿಂದಿನಿಂದಲೂ ಇದೆ. ನಾವು ಹಾಲು ಮಾರುವವರೆಂದು ಇಲ್ಲದ ಗುಣ ಹೇಳಬಾರದು. ಒಳಗೆ ಸೇರಿದ ಸೀಸವನ್ನು ಹಾಲು ತೊಳೆಯುವುದಿಲ್ಲ. ಆದರೆ ಮಗುವಿಗೆ ಸುಣ್ಣದ ಅಂಶ ಸಾಕಷ್ಟು ಸಿಕ್ಕರೆ ದೇಹ ಹೀರುವ ಸೀಸ ಕಡಿಮೆಯಾಗುತ್ತದೆ. ಹಾಲು, ಮೊಸರು, ನೂರು ಗ್ರಾಮಿಗೆ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇರುವ ನಮ್ಮ ರಾಗಿ, ಸೊಪ್ಪು, ಕಾಳು, ನೆಲ್ಲಿಕಾಯಿ, ನಿಂಬೆ ಮಗುವಿನ ಊಟದಲ್ಲಿರಲಿ. ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಕೊಡಿ. ಕಬ್ಬಿಣಾಂಶದ ಸಿರಪ್ಪನ್ನು ಮಾತ್ರ ಹಾಲು, ಟೀ ಜೊತೆ ಕುಡಿಸದೆ ಬೇರೆ ಹೊತ್ತಿನಲ್ಲಿ ಕೊಡಿ.

2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ನಾವು ಹಾಕಿದ ಹಾಲೇ ಪುಡಿಯಾಗಿ ಶಾಲೆ, ಅಂಗನವಾಡಿಯ ಮಕ್ಕಳಿಗೆ ತಲುಪುತ್ತಿದೆ. ಆದರೆ ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಸ್ವಂತ ಮಗುವಿಗೆ ಕರಿ ಟೀ ಕೊಡುವ ಮನೆಗಳು ಇನ್ನೂ ಇವೆ. ಒಂದು ಲೋಟ ಹಾಲು ಮನೆಯಲ್ಲಿ ಉಳಿಸಿ, ಉಳಿದದ್ದನ್ನು ತನ್ನಿ.

ಸಂಘ ಏನು ಮಾಡಬಹುದು?

ಒಬ್ಬರಿಗೆ ದುಬಾರಿಯಾದದ್ದು ಹತ್ತು ಮಂದಿ ಸೇರಿದರೆ ಹಗುರವಾಗುತ್ತದೆ. ಸಹಕಾರದ ಪಾಠವೇ ಇದು. ಸಂಘದ ಸಭೆಯಲ್ಲಿ ಈ ವಿಷಯ ಇಟ್ಟು, ಅಪಾಯವಿರುವ ಮನೆಗಳ ಮಕ್ಕಳ ಪಟ್ಟಿ ಮಾಡಿ. ಒಂದೇ ದಿನ ಎಲ್ಲರ ರಕ್ತ ಕೊಡುವುದಾದರೆ ದರ ಎಷ್ಟು ಇಳಿಸುವಿರಿ ಎಂದು ಪ್ರಯೋಗಾಲಯವನ್ನು ಕೇಳಬಹುದು. ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ವೈದ್ಯರನ್ನು ಜೊತೆಗಿಟ್ಟುಕೊಳ್ಳಿ. ಬ್ಯಾಟರಿ ಕೆಲಸ ಮಾಡುವ ಮನೆಯವರನ್ನು ದೂರಬೇಡಿ. ಹೊಟ್ಟೆಪಾಡಿಗೆ ಮಾಡುವವರು ಅವರು, ಮೊದಲು ತೊಂದರೆ ಆಗುವುದೂ ಅವರ ಮಕ್ಕಳಿಗೇ. ಮನೆ, ಕೊಟ್ಟಿಗೆಗಳಿಂದ ದೂರ ಮಾಡುವಂತೆ ತಿಳಿಹೇಳಿ.

ನೆನಪಿಡಿ

– ಹಳೆಯ ಬ್ಯಾಟರಿಯನ್ನು ಒಡೆಯದೆ, ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ.
– ಕೊಟ್ಟಿಗೆ, ಗೋದಲಿ, ಹುಲ್ಲಿನ ಬಣವೆಯ ಹತ್ತಿರ ಬ್ಯಾಟರಿ, ಬಣ್ಣದ ಡಬ್ಬಿ ಇಡಬೇಡಿ.
– ರಸ್ತೆ, ಕೆರೆಯಂಚಿನ ಹುಲ್ಲನ್ನು ಬೇರು ಮಣ್ಣಿನ ಸಮೇತ ಕಿತ್ತು ಹಾಕಬೇಡಿ.
– ಬಣ್ಣ ಉಜ್ಜುವಾಗ ನೀರು ಹಾಕಿ ಒದ್ದೆ ಮಾಡಿ. ಮಕ್ಕಳು, ಬಸುರಿಯರು ಆ ದಿನ ಬೇರೆ ಕಡೆ ಇರಲಿ.
– ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.
– ಕೆಲಸದ ಬಟ್ಟೆ ಬಿಚ್ಚಿ, ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.
– ಊಟಕ್ಕೆ ಮುಂಚೆ ಮಗುವಿನ ಕೈ ತೊಳೆಯಿರಿ.

ಈ ಏಳು ಕೆಲಸಗಳಿಗೆ ಹೆಚ್ಚಿನ ಖರ್ಚಿಲ್ಲ. ಶಂಕೆ ಇರುವ ಮನೆಯವರು ಮುಂದಿನ ಬಟವಾಡೆಯ ಹಣದಲ್ಲಿ ಪರೀಕ್ಷೆಗೆಂದು ಸ್ವಲ್ಪ ತೆಗೆದಿಡಿ, ನಾಳೆಯೇ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು ಚೀಟಿ ಬರೆಸಿಕೊಳ್ಳಿ.